ತಾನಾಗಿ ನಿಲ್ಲುವ ಯಂತ್ರ

ಮಧ್ಯಾಹ್ನದ ಊಟ ಮುಗಿಸಿ ಭೀಮಸೇನರಾಯರು ಮನೆ ಬೆಚ್ಚಗಿಡುವ ಹೀಟ್ ಪಂಪಿನ ಎದುರು ಕಾಲು ಚಾಚಿ ಕೂತಿದ್ದಾಗ ಬಿಸಿಗಾಳಿ ಮತ್ತೆ ನಿಂತಿತು. ಗೋಡೆಯ ಮೇಲಿನ ಬಿಳಿ ಪೆಟ್ಟಿಗೆ ಒಮ್ಮೆ ಉಸ್ ಎಂದು ಸುಮ್ಮನಾಯಿತು. ಹೊರಗೆ, ಮಗ ನೆಲೆಸಿದ ಪರದೇಶದ ಜಾನ್ಸನ್‌ವಿಲ್‌ನ ಗುಡ್ಡದ ಮೇಲೆ ಬೆಳಗ್ಗೆ ಕೂತ ಮೋಡ ಇನ್ನೂ ಎದ್ದಿರಲಿಲ್ಲ.

"ಮತ್ತ ಬಂದ್ ಮಾಡಿದ ನೋಡು ನಿನ್ನ ಮಗ," ಎಂದರು.

ಅಡುಗೆಕಟ್ಟೆ ಒರೆಸುತ್ತಿದ್ದ ಕಾತ್ಯಾಯಿನಿಬಾಯಿ ತಿರುಗಿ ನೋಡಲಿಲ್ಲ. ಒಳ್ಳೆಯದು ಮಾಡಿದಾಗ 'ನಮ್ಮ ಪ್ರಮೋದ', ತಪ್ಪು ಮಾಡಿದಾಗ 'ನಿನ್ನ ಮಗ'. ಮದುವೆಯಾದ ಲಾಗಾಯ್ತು ಈ ಮನುಷ್ಯನ ಲೆಕ್ಕಾಚಾರ ಹೀಗೆಯೇ.

"ಆಫೀಸಿನಾಗ ಅವಗ ಬ್ಯಾರೆ ಕೆಲಸ ಇಲ್ಲೇನ್ರಿ? ಕೂತು ನಮ್ಮ ಮನಿ ಗಾಳಿ ಬಂದ್ ಮಾಡ್ತಾನ?"

"ಫೋನಿನ ಮ್ಯಾಲೆ ಒಂದು ಬೆರಳು ಆಡಿಸಿದ್ರ ಮುಗೀತು. ಅದಕ್ಕೇನು ರಜಾ ಹಾಕಿ ಬರಬೇಕೇನು?"

ಫೋನಿನ ವಿಷಯ ಸುಳ್ಳಲ್ಲ. ಚಳಿ ಶುರುವಾದಾಗ ಪ್ರಮೋದನೇ ಹೆಮ್ಮೆಯಿಂದ ತೋರಿಸಿದ್ದ. "ಅಪ್ಪ, ನಾ ಆಫೀಸಿನಾಗ ಕೂತು ಇದನ್ನ ಹಚ್ಚಬಹುದು, ಆರಿಸಬಹುದು. ನೀವು ಮಲಗಿ ಏಳೋದರಾಗ ಖೋಲಿ ಬೆಚ್ಚಗ ಮಾಡಿ ಇಡ್ತೀನಿ." ಅದಾದ ಕೆಲವೇ ದಿನಕ್ಕೆ ಕರೆಂಟ್ ಬಿಲ್ಲು ಬಂತು. "ಅಪ್ಪ, ಇಪ್ಪತ್ತು ಡಿಗ್ರಿ ಮ್ಯಾಲೆ ಇಡಬ್ಯಾಡ್ರಿ. ಬಾಗಿಲಾ ಹಾಕ್ಕೊಂಡು ಕೂಡ್ರಿ." ಮಗ ಈ ಎರಡು ಮಾತುಗಳನ್ನು ಬೇರೆ ಬೇರೆ ದಿನ, ಬೇರೆ ಬೇರೆ ಮನಸ್ಸಿನಲ್ಲಿ ಹೇಳಿದ್ದ. ರಾಯರು ಎರಡನ್ನೂ ಕೂಡಿಸಿ ಒಂದು ಅರ್ಥ ಮಾಡಿಕೊಂಡಿದ್ದರು.

ಅದಕ್ಕೆ ಕಾರಣವೂ ಇತ್ತು. ರಾಯರು ಬಾಗಲಕೋಟೆಯಲ್ಲಿ ವಿದ್ಯುತ್ ಕಚೇರಿಯ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಬಿಲ್ಲು ಕಟ್ಟದವರ ಮನೆಗೆ ಲೈನ್‌ಮನ್ ಕಳಿಸಿ ಫ್ಯೂಸ್ ಕೀಳಿಸುವುದೇ ಅವರ ಸರ್ವಿಸಿನ ದೊಡ್ಡ ಪಾಲು. ಮೊದಲು ಸ್ವಲ್ಪ ಹೊತ್ತು ತೆಗೆದು ಹೆದರಿಸುವುದು, ಆಮೇಲೆ ಹಾಕುವುದು, ಬಗ್ಗದಿದ್ದರೆ ಮತ್ತೆ ತೆಗೆಯುವುದು. ಈಗ ತಮ್ಮ ಎದುರಿನ ಪೆಟ್ಟಿಗೆ ಅದೇ ಕ್ರಮದಲ್ಲಿ ನಿಂತು, ಸ್ವಲ್ಪ ಹೊತ್ತಿಗೆ ಶುರುವಾಗಿ, ಮತ್ತೆ ನಿಲ್ಲುತ್ತಿತ್ತು. ಟಿವಿ ನಡೆಯುತ್ತಿದೆ, ಫ್ರಿಜ್ ನಡೆಯುತ್ತಿದೆ, ಹೀಟ್ ಪಂಪ್ ಒಂದೇ ನಿಂತಿದೆ ಎಂದರೆ ಇದು ಎಚ್ಚರಿಕೆಯೇ ಸೈ. ಒಮ್ಮೆ ಅವರು ರಿಮೋಟ್ ಹಿಡಿದು ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದ್ದರು. ಬಿಸಿ ಬರಲಿಲ್ಲ. ಮಗ ಅಲ್ಲಿಂದಲೇ ಬೀಗ ಜಡಿದಿದ್ದಾನೆ ಎಂದು ಅಂದೇ ತೀರ್ಮಾನವಾಗಿಹೋಯಿತು.

"ಒಂದು ಮಾತು ಕೇಳಿಬಿಡ್ರಲ್ಲ," ಎಂದರು ಕಾತ್ಯಾಯಿನಿಬಾಯಿ.

"ಏನಂತ ಕೇಳ್ಲಿ? ನಮಗ ಥಂಡಿ ಆಗ್ತದಪ್ಪ, ಸ್ವಲ್ಪ ಬಿಸಿಗಾಳಿ ಬಿಡು ಅಂತ ಬೇಡ್ಲಿ? ಹೆತ್ತ ಮಗನ ಕಡೆ? ನನ್ನ ಕೈಲೆ ಆಗೂದಿಲ್ಲ."

ಬೇಡಲಾಗದು, ಬಿಟ್ಟು ಹೋಗಲೂ ಆಗದು. ಬಾಗಲಕೋಟೆಯ ನವನಗರದ ಮನೆ ಮಾರಿದ ದುಡ್ಡು ಈ ಮನೆಯ ಮುಂಗಡಕ್ಕೆ ಸೇರಿತ್ತು. ಖಾಯಂ ಆಗಿ ಇರುವುದಕ್ಕೆ ವೀಸಾ ಸಿಕ್ಕ ದಿನ ಇಡೀ ಕಾಲೊನಿಗೆ ಪೇಡೆ ಹಂಚಿ ಬಂದವರು, ಈಗ ಯಾವ ಮುಖ ಹೊತ್ತು ಯಾರ ಮನೆಗೆ ವಾಪಸು ಹೋಗಬೇಕು? ರಾಯರು ಕೋಟು ಹಾಕಿಕೊಂಡು, ಕಿವಿ ಮುಚ್ಚುವ ಟೊಪ್ಪಿಗೆ ಎಳೆದುಕೊಂಡು ಅಲ್ಲೇ ಕೂತರು.

ಮನೆ ಬಿಸಿಲು ತಾಗದ ಇಳಿಜಾರಿನಲ್ಲಿತ್ತು. ಇದ್ದ ಒಂದೇ ಹೀಟ್ ಪಂಪು ನಡುಮನೆಗೆ. ಮಲಗುವ ಖೋಲಿಗಳ ಕಿಟಕಿ ಗಾಜಿನ ಒಳಮೈಯಲ್ಲಿ ಬೆಳಗ್ಗೆ ನೀರು ಇಳಿಯುತ್ತಿತ್ತು. ಹಾಗಾಗಿ ಇಡೀ ಸಂಸಾರ ನಡುಮನೆಗೇ ಬಂದು ಬೀಳುತ್ತಿತ್ತು. ಅಲ್ಲಿಯೇ ಅಡುಗೆ, ಅಲ್ಲಿಯೇ ಟಿವಿ, ಮೊಮ್ಮಗಳು ಕೃತಿಯ ಹೋಂವರ್ಕು, ಸೊಸೆ ತನುಶ್ರೀಯ ಇಸ್ತ್ರಿ. ಒಬ್ಬರು ಸಿಟ್ಟಾದರೆ ಎದ್ದು ಹೋಗಲು ಬೆಚ್ಚಗಿನ ಜಾಗ ಇನ್ನೊಂದಿರಲಿಲ್ಲ.

ಕಾತ್ಯಾಯಿನಿಬಾಯಿಗೆ ಮಡಿಬಟ್ಟೆಯದೊಂದು ಬೇರೆಯೇ ತಾಪತ್ರಯ. ಬೆಳಗ್ಗೆ ಸ್ನಾನ ಮಾಡಿ ತಮ್ಮ ಸೀರೆ, ಗಂಡನ ಧೋತ್ರ ಹಿಂಡಿ ಒಣಹಾಕಿದರೆ ಮರುದಿನ ಪೂಜೆ, ನೈವೇದ್ಯದ ಅಡುಗೆಗೆ ಅದೇ ಆಗಬೇಕು. ನಡುವೆ ಯಾರೂ ಮುಟ್ಟುವಂತಿಲ್ಲ. ಒಳಗಿನ ಸ್ಟ್ಯಾಂಡಿನ ಮೇಲೆ ಹಾಕಿದರೆ ಕೃತಿ ಅದರ ಕೆಳಗೇ ನುಸುಳಿ ಓಡುತ್ತಾಳೆ. ತನುಶ್ರೀ ವೃದ್ಧಾಶ್ರಮದ ನರ್ಸ್ ಕೆಲಸ ಮುಗಿಸಿ ಬಂದವಳು ದಾರಿಗೆ ಅಡ್ಡವೆಂದು ಅತ್ತ ಸರಿಸುತ್ತಾಳೆ. ಡ್ರೈಯರಿನೊಳಗೆ ಎಲ್ಲರ ಕಾಲುಚೀಲದ ಜತೆ ಮಡಿಸೀರೆ ಉರುಳುವುದನ್ನು ನೆನೆಸಿಕೊಂಡರೇ ಅವರಿಗೆ ಒಂಥರಾ ಆಗುತ್ತಿತ್ತು.

ಕೊನೆಗೆ ಅವರೇ ಒಂದು ಜಾಗ ಹುಡುಕಿಕೊಂಡಿದ್ದರು. ಮನೆಯ ಹಿಂದೆ, ಸೂರಿನ ಕೆಳಗೆ, ಹೀಟ್ ಪಂಪಿನ ಹೊರಗಿನ ಪೆಟ್ಟಿಗೆ ಕೂತಿತ್ತು. ಬಾಗಲಕೋಟೆಯಲ್ಲಿ ಪಕ್ಕದ ಮನೆಯ ಎಸಿಯ ಇಂಥದೇ ಪೆಟ್ಟಿಗೆ ಇವರ ಮಾಳಿಗೆಯತ್ತ ಬಿಸಿಗಾಳಿ ಊದುತ್ತಿತ್ತು. ಅದರ ಮುಂದೆ ಸಂಡಿಗೆ ಒಣಗಿಸಿದ ಅನುಭವ ಅವರಿಗಿತ್ತು. ಆ ಕಡೆಗೆ ಯಾರೂ ಹೋಗುವುದಿಲ್ಲ, ಮಳೆಯೂ ಬೀಳುವುದಿಲ್ಲ. ಗೋಡೆಗೂ ಪೆಟ್ಟಿಗೆಗೂ ನಡುವೆ ಒಂದು ಹಗ್ಗ ಕಟ್ಟಿ ಬಟ್ಟೆ ಇಳಿಬಿಟ್ಟರು. ಇಲ್ಲಿಯ ಪೆಟ್ಟಿಗೆ ಬಿಸಿಯ ಬದಲು ತಣ್ಣನೆ ಊದುತ್ತಿರುವುದು ಗಮನಕ್ಕೆ ಬಂದಿತ್ತು. ಈ ದೇಶದಲ್ಲಿ ಎಲ್ಲವೂ ಥಂಡಿಯೇ ಎಂದುಕೊಂಡು ಸುಮ್ಮನಾಗಿದ್ದರು.

ವಾರಗಳು ಹೀಗೆಯೇ ಸರಿದವು. ರಾಯರು ಮುಷ್ಕರ ಹೂಡಿದರು. ತಿಂಡಿ ಮುಗಿದ ಕೂಡಲೇ ಲೈಬ್ರರಿಗೆ ಹೋಗಿ ಅಲ್ಲಿಯ ಬೆಚ್ಚಗಿನ ಮೂಲೆಯಲ್ಲಿ, ತಮಗೆ ಸಂಬಂಧವಿಲ್ಲದ ರಗ್ಬಿ ಸುದ್ದಿ ಓದುತ್ತ ಕೂತಿರುತ್ತಿದ್ದರು. ಮನೆಯಲ್ಲಿದ್ದಷ್ಟು ಹೊತ್ತು ಕೋಟು ಬಿಚ್ಚುತ್ತಿರಲಿಲ್ಲ. ಸಂಜೆ ಊಟಕ್ಕೂ ಕೋಟಿನಲ್ಲೇ ಕೂತರು.

"ಅಪ್ಪ, ಒಳಗ ಯಾಕ ಕೋಟು?" ಎಂದು ಪ್ರಮೋದ ಕೇಳಿದ.

"ರೂಢಿ ಆಗ್ಯದ."

"ಸೆಕೆ ಆಗೂದಿಲ್ಲೇನು?"

"ಸೆಕೆ," ಎಂದು ರಾಯರು ಹೆಂಡತಿಯ ಮುಖ ನೋಡಿ ನಕ್ಕರು. ಆ ನಗು ಪ್ರಮೋದನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ತ್ರಾಣವೂ ಅವನಿಗಿರಲಿಲ್ಲ. ಅವನಿಗೆ ಕೆಲಸ ಕಟ್ಟಡಗಳ ಖರ್ಚು ಅಂದಾಜು ಮಾಡುವ ಕಂಪನಿಯಲ್ಲಿ. ಊರಲ್ಲಿ ಕಟ್ಟುವವರೇ ಕಡಿಮೆಯಾಗಿದ್ದರು. ಪಕ್ಕದ ಟೇಬಲ್ಲಿನವನು ಕಳೆದ ತಿಂಗಳು ಕೆಲಸ ಕಳೆದುಕೊಂಡು ತನ್ನ ಕುಂಡದ ಗಿಡ ಎತ್ತಿಕೊಂಡು ಮನೆಗೆ ಹೋಗಿದ್ದ.

ಆಮೇಲೆ ಕಾತ್ಯಾಯಿನಿಬಾಯಿಗೆ ಕೆಮ್ಮು ಹತ್ತಿತು. ಬೆಳಗ್ಗೆ ಶುರುವಾದರೆ ಒಗ್ಗರಣೆ ಹಾಕುವವರೆಗೂ ಬಿಡುತ್ತಿರಲಿಲ್ಲ. ಭಾನುವಾರ ಎಲ್ಲರೂ ಜೋಳದ ರೊಟ್ಟಿ, ಬದನೆಕಾಯಿ ಪಲ್ಯಕ್ಕೆ ಕೂತಾಗ ತನುಶ್ರೀ ಅತ್ತೆಯ ಬೆನ್ನ ಮೇಲೆ ಕೈಯಿಟ್ಟು ಉಸಿರು ಆಲಿಸಿದಳು. ಅವಳು ಮೈಸೂರಿನವಳು. ಮನಸ್ಸಿಗೆ ಬಂದದ್ದನ್ನು ಮೆತ್ತಗೆ, ಆದರೆ ನೇರವಾಗಿ ಹೇಳುವವಳು.

"ಅತ್ತೆ, ಎದೆ ಗೊರಗೊರ ಅಂತಿದೆ. ಹಗಲೆಲ್ಲ ಹೀಟ್ ಪಂಪ್ ಹಾಕ್ಕೊಂಡೇ ಇರಬೇಕು ನೀವು. ಯಾಕೆ ಆಫ್ ಮಾಡ್ತೀರಾ?"

"ನಾವು ಆಫ್ ಮಾಡ್ತೀವಿ?" ಎಂದರು ರಾಯರು. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ನಿನ್ನ ಗಂಡನ್ನ ಕೇಳವಾ. ಹಚ್ಕೊಳ್ಳಿಕ್ಕೆ ಅವ ಬಿಟ್ರ ಅಲ್ಲ?"

ಪ್ರಮೋದ ತಲೆ ಎತ್ತಿದ. "ಏನಂದ್ರಿ?"

"ಕಿವಿ ಕೇಳೂದಿಲ್ಲೇನು? ಆಫೀಸಿನಾಗ ಕೂತು ದಿನಾ ಎಷ್ಟು ಸಲ ಬಂದ್ ಮಾಡ್ತಿ ಅಂತ ಹೇಳಪ್ಪ ನಿನ್ನ ಹೆಂಡತಿಗೆ. ನಾವೇನು ಬಿಲ್ ಬಾಕಿ ಇಟ್ಟ ಮಂದಿ ಏನು, ಫ್ಯೂಸ್ ಕಿತ್ತು ಹೆದರಸ್ಲಿಕ್ಕೆ?"

"ನಾನು ಬಂದ್ ಮಾಡ್ತೀನಿ?"

"ಮತ್ತ ನಾ ಮಾಡ್ಕೋತೀನೇನು?"

"ಅಮ್ಮ, ಏನಿದು? ನೀನೂ ಹಂಗ ತಿಳಕೊಂಡೀಯೇನು?"

ಕಾತ್ಯಾಯಿನಿಬಾಯಿ ಪಲ್ಯದ ಪಾತ್ರೆಯೊಳಗೆ ನೋಡಿದರು. "ನನಗೇನು ತಿಳೀತದಪ್ಪ. ಬಿಸಿ ಬರ್ತದ, ನಿಲ್ತದ. ಇವರು ನೀನ ಅಂತಾರ."

ಪ್ರಮೋದನ ಮುಖ ಕೆಂಪಗಾಯಿತು. "ಒಂದು ಸಲಾನೂ ಮುಟ್ಟಿಲ್ಲ ನಾನು. ತಂದಿ ತಾಯಿನ ಥಂಡ್ಯಾಗ ಕೂಡಸೋ ಮಗ ಅಂತ ತಿಳದೀರಿ ನನ್ನ? ಇಷ್ಟು ದಿನ ಅದನ್ನ ಹೊಟ್ಟ್ಯಾಗ ಇಟ್ಕೊಂಡು ನನ್ನ ಎದುರಿಗೆ ಕೂತು ಉಂಡೀರಿ? ದೇವರ ಮುಂದ ಹೇಳ್ತೀನಿ, ಬರ್ರಿ."

ಎದ್ದು ದೇವರ ಗೂಡಿನ ಕಡೆ ಕೈ ಚಾಚಿದ.

"ಮುಟ್ಟಬ್ಯಾಡ," ಎಂದು ಕಾತ್ಯಾಯಿನಿಬಾಯಿ ಅಡ್ಡ ಬಂದರು. "ಎಂಜಲಗೈ ಅದ."

ಅವನು ಪಲ್ಯ ಮೆತ್ತಿದ ಕೈಯನ್ನು ಗಾಳಿಯಲ್ಲಿ ಹಿಡಿದು ನಿಂತ. "ಹಂಗಾರ ಕೃತಿ ಮ್ಯಾಲೆ ಆಣಿ."

"ಮಗು ಮೇಲೆಲ್ಲ ಆಣೆ ಇಡಬೇಡಿ," ಎಂದಳು ತನುಶ್ರೀ. "ಕೂತ್ಕೊಂಡು ಊಟ ಮಾಡಿ."

ಹೀಗಾಗಿ ಯಾವ ಆಣೆಯೂ ಆಗಲಿಲ್ಲ. ಪ್ರಮೋದ ಕೈ ತೊಳೆದು ಮಲಗುವ ಖೋಲಿಗೆ ಹೋದ. ಅಲ್ಲಿಯ ಚಳಿ ತಡೆಯದೆ ಸ್ವಲ್ಪ ಹೊತ್ತಿಗೆ ವಾಪಸು ಬಂದು, ಎಲ್ಲರಿಗೂ ಬೆನ್ನು ಮಾಡಿ ಸೋಫಾದಲ್ಲಿ ಕೂತ. ಅಷ್ಟರಲ್ಲಿ ಎಲ್ಲರ ಎದುರೇ ಪೆಟ್ಟಿಗೆ ಉಸ್ ಎಂದು ನಿಂತಿತು. ಪ್ರಮೋದನ ಫೋನು ಊಟದ ಟೇಬಲ್ಲಿನ ಮೇಲೆ ರೊಟ್ಟಿ ಬುಟ್ಟಿಯ ಪಕ್ಕ ಬಿದ್ದಿತ್ತು.

ಎಲ್ಲರೂ ಫೋನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು.

"ಮೆಷಿನ್ ಕೆಟ್ಟಿರಬಹುದು ಅಂತ ಈ ಮನೇಲಿ ಒಬ್ಬರಿಗೂ ಹೊಳೀಲಿಲ್ವಾ?" ಎಂದಳು ತನುಶ್ರೀ.

ರಿಪೇರಿಗೆ ಬಂದ ಸಮೀಉಲ್ಲಾ ಗದಗದವನು. ಓದಲೆಂದು ಬಂದು, ಓದು ಮುಗಿಸಿ, ಈಗ ಸ್ವಂತ ವ್ಯಾನಿನ ಮೇಲೆ ಸ್ವಂತ ಹೆಸರು ಬರೆಸಿಕೊಂಡು ಓಡಾಡುತ್ತಿದ್ದ. ಕನ್ನಡ ಕೇಳಿದ್ದೇ ತಡ, ಅವನ ಬಾಯಿ ನಿಲ್ಲಲಿಲ್ಲ. ಬೂಟು ಬಿಚ್ಚುವುದರೊಳಗೆ ತಾನು ಯಾವ ಯಾವ ಬಡಾವಣೆಯಲ್ಲಿ ಎಷ್ಟು ಮೆಷಿನ್ ಕೂರಿಸಿದ್ದೇನೆಂದು ಹೇಳಿ, ವರ್ಷಕ್ಕೊಮ್ಮೆ ಸರ್ವಿಸ್ ಮಾಡುವ ಪ್ಲಾನನ್ನೂ ಮಾರತೊಡಗಿದ್ದ. ಒಳಗಿನ ಪೆಟ್ಟಿಗೆಯ ಮುಚ್ಚಳ ಎತ್ತಿ ಗಾಳಿ ಸೋಸುವ ಎರಡು ಜಾಳಿಗೆ ಹೊರತೆಗೆದ. ಅವುಗಳ ಮೇಲೆ ಬೂದು ಬಣ್ಣದ ಧೂಳು ಹಾಸಿಗೆಯಂತೆ ಕೂತಿತ್ತು.

"ಇದನ್ನ ಯಾವಾಗ ತೊಳೆದೀರಿ ಅಂಕಲ್ಲರ?"

"ಅದನ್ನ ತೊಳೀಬೇಕೇನು?"

"ಅಡಗಿ ಮನಿ ಎದುರಿಗೇ ಐತಿ. ಒಗ್ಗರಣಿ ಹೊಗಿ, ಎಣ್ಣಿ, ಎಲ್ಲಾ ಇದಾ ಕುಡೀತೈತಿ. ತಿಂಗಳಿಗೊಮ್ಮೆ ಬೆಚ್ಚನ ನೀರಾಗ ತೊಳೆದು, ಒಣಗಿಸಿ ಹಾಕ್ರಿ. ಇರ್ಲಿ, ಇದೊಂದರಿಂದ ಇಷ್ಟು ಸಲ ನಿಲ್ಲಂಗಿಲ್ಲ. ಹೊರಗಿಂದು ನೋಡೂಣು."

ಹಿಂದಕ್ಕೆ ಹೋದವನು ಅಲ್ಲಿಂದಲೇ ಕರೆದ. ರಾಯರು, ಅವರ ಹಿಂದೆ ಕಾತ್ಯಾಯಿನಿಬಾಯಿ, ರಜೆಯ ಮೇಲಿದ್ದ ತನುಶ್ರೀ, ಎಲ್ಲರೂ ಹೋದರು. ಪೆಟ್ಟಿಗೆಯ ಹಿಂಬದಿಯ ತಗಡಿನ ಪಟ್ಟಿಗಳಿಗೆ ಮಡಿಸೀರೆ ಗಾಳಿಯ ಎಳೆತಕ್ಕೆ ಅಂಟಿಕೊಂಡು ಹಪ್ಪಳದಂತೆ ಸೆಟೆದು ನಿಂತಿತ್ತು. ಅದರ ಪಕ್ಕ ಧೋತ್ರ. ಎರಡರ ಸುತ್ತಲೂ ಬೆಳ್ಳನೆ ಹಿಮ.

"ಮುಟ್ಟಬ್ಯಾಡ್ರಿ," ಎಂಬ ಮಾತು ಕಾತ್ಯಾಯಿನಿಬಾಯಿಯ ಬಾಯಿಂದ ಬಂದೇಬಿಟ್ಟಿತು. ಮೊಮ್ಮಗಳಿಗೆ ದಿನವಿಡೀ ಹೇಳಿ ಹೇಳಿ ನಾಲಿಗೆಗೆ ಅಂಟಿದ ಮಾತದು.

ಸಮೀಉಲ್ಲಾ ಎರಡೂ ಕೈ ಮೇಲೆತ್ತಿದ. "ಮುಟ್ಟಿಲ್ರಿ ಆಂಟಿ. ಗದಗದಾಗ ನಮ್ಮ ಬಾಜೂ ಮನಿ ಆಚಾರ್ರದ. ಮಡಿ ಬಟ್ಟಿ ಅಂದ್ರ ನಾ ಬಲ್ಲೆ. ಸಣ್ಣಾಂವ ಇದ್ದಾಗ ನನ್ನ ಚೆಂಡು ಹೋಗಿ ಅದಕ್ಕ ಬಡದು ಎಷ್ಟು ಬೈಸ್ಕೊಂಡೀನಿ. ಮೆಷಿನ್ ಬಂದ್ ಮಾಡ್ತೀನಿ, ಹಿಮ ಕರಗಲಿ, ನೀವಾ ತಗೀರಿ."

ಚಹಾ ಕುಡಿಯುತ್ತ ಅವನು ವಿವರಿಸಿದ. ರಾಯರು ಕೋಟಿನ ಕಿಸೆಯಲ್ಲಿ ಕೈಯಿಟ್ಟು ಕೇಳುತ್ತ ನಿಂತರು.

"ನೋಡ್ರಿ ಅಂಕಲ್ಲರ. ಬ್ಯಾಸಗ್ಯಾಗ ನಮ್ಮೂರಿನ ಎಸಿ ಏನು ಮಾಡತೈತಿ? ಒಳಗಿನ ಸೆಕಿ ತಗದು ಹೊರಗ ಒಗೀತೈತಿ. ಅದಕ್ಕ ಹೊರಗಿನ ಡಬ್ಬಿ ಬಿಸಿ. ಇಲ್ಲಿ ಉಲ್ಟಾ. ಹೊರಗಿನ ಗಾಳಿ ನಮಗ ಥಂಡಿ ಅನಿಸಿದ್ರೂ ಅದರಾಗ ಚೂರುಪಾರು ಶಾಖ ಇರತೈತಿ. ಅದನ್ನ ಹೀರಿ ಒಳಗ ತರತೈತಿ. ಹೀರಿಕೊಂಡ ಮ್ಯಾಲೆ ಹೊರಗಿನ ಡಬ್ಬಿ ಇನ್ನೂ ಥಂಡಿ. ಹಸಿ ಗಾಳಿ ತಾಗಿ ಅದರ ಮ್ಯಾಲೆ ಹಿಮ ಕೂಡತೈತಿ. ಹಿಮ ಕೂತ್ರ ಅದಕ್ಕ ಗಾಳಿ ಸಿಗಂಗಿಲ್ಲ. ಆವಾಗ ಸ್ವಲ್ಪ ಹೊತ್ತು ತಿರುಗಿ ಎಸಿ ಆಗತೈತಿ. ಮನಿಯೊಳಗಿನ ಬಿಸಿ ಹೊರಗ ಒಯ್ದು ಹಿಮ ಕರಗಸತೈತಿ. ನಿಮ್ಮ ಮೈಮ್ಯಾಲೆ ತಣ್ಣನ ಗಾಳಿ ಬರಬಾರದಂತ ಒಳಗಿನ ಫ್ಯಾನ್ ನಿಲ್ಲಸತೈತಿ. ಇದಕ್ಕ ಡಿಫ್ರಾಸ್ಟ್ ಅಂತಾರ. ಚಳಿಗಾಲದಾಗ ಎಲ್ಲಾರ ಮನ್ಯಾಗೂ ಆಗತೈತಿ. ನಿಮ್ಮದಕ್ಕ ಬೆನ್ನಿಗೆ ಹಸಿ ಸೀರಿ ಅಂಟಿತ್ತು, ಪಾಪ, ಹಗಲೆಲ್ಲ ಹಿಮ ಕರಗಸೋದಾ ಆಗೇತಿ."

"ಅಂದ್ರ ಯಾರೂ ಬಂದ್ ಮಾಡಿಲ್ಲ," ಎಂದರು ರಾಯರು.

"ಯಾರು ಮಾಡ್ತಾರ್ರಿ?"

ರಾಯರು ಗೋಡೆಯ ಪೆಟ್ಟಿಗೆಯ ಕಡೆ ತಿರುಗಿ ಕೇಳಿದರು. "ತಾನಾಗೇ ನಿಂತದ್ದೋ, ಮಂದಿ ನಿಲ್ಲಿಸಿದ್ದೋ ಅನ್ನೋದು ಹೆಂಗ ತಿಳೀಬೇಕು?"

"ಅದೇನು ದೊಡ್ಡ ಮಾತಲ್ಲ. ಡಿಫ್ರಾಸ್ಟ್ ಆದ್ರ ಈ ದೀಪ ಆರಂಗಿಲ್ಲ, ಮಿಣಕ್ ಮಿಣಕ್ ಅಂತೈತಿ. ಬಾಯಿ ತೆರಕೊಂಡಾ ಇರತೈತಿ. ಹೊರಗ ಹೋಗಿ ನೋಡಿದ್ರ ಹಬೆ ಏಳತಿರತೈತಿ, ನೀರು ಸೋರತಿರತೈತಿ. ರಿಮೋಟಿಂದಾಗ್ಲಿ ಫೋನಿಂದಾಗ್ಲಿ ಬಂದ್ ಮಾಡಿದ್ರ ಬೀಪ್ ಅಂತೈತಿ, ದೀಪ ಆರತೈತಿ, ಬಾಯಿ ಮುಚ್ಚತೈತಿ."

ಕಾತ್ಯಾಯಿನಿಬಾಯಿ ಹಸಿ ಸೀರೆ ಎದೆಗವಚಿಕೊಂಡು ಒಳಗೆ ಬಂದರು. ತಾವೇ ತಮ್ಮ ಕೈಯಾರೆ ಮನೆಯನ್ನು ತಣ್ಣಗೆ ಮಾಡಿ, ಮಗನ ಮೇಲೆ ಅಪವಾದ ಹೊರಿಸಿದ್ದರೆಂಬ ನಾಚಿಕೆಗೆ ಅವರಿಗೆ ಅಳು ಬಂತು. ಸಮೀಉಲ್ಲಾನಿಗೆ ಉಣ್ಣದೆ ಹೋಗಬೇಡವೆಂದು ಪಟ್ಟು ಹಿಡಿದು ರೊಟ್ಟಿ ಬಡಿಸಿದರು. ಅವನು ಉಂಡ, ಹೊಗಳಿದ, ಸರ್ವಿಸ್ ಪ್ಲಾನಿಗೆ ತನುಶ್ರೀಯ ಸಹಿಯನ್ನೂ ಪಡೆದು ಹೋದ.

ಅಂದು ಸಂಜೆ ಪ್ರಮೋದ ಬಂದು ಬೂಟು ಬಿಚ್ಚುತ್ತಿದ್ದಾಗ ರಾಯರು ಎದುರು ಬಂದು ನಿಂತರು. ಮೈಮೇಲೆ ಕೋಟಿರಲಿಲ್ಲ.

"ನನ್ನದು ತಪ್ಪಾತಪ್ಪ," ಎಂದರು.

ಹುಟ್ಟಿದಾಗಿನಿಂದ ಈ ಮಾತನ್ನು ತಂದೆಯ ಬಾಯಲ್ಲಿ ಅವನು ಕೇಳಿರಲಿಲ್ಲ. "ಇರ್ಲಿ ಬಿಡ್ರಿ ಅಪ್ಪ," ಎಂದವನು ಬೂಟಿನ ಲೇಸನ್ನೇ ಬಹಳ ಹೊತ್ತು ಬಿಚ್ಚುತ್ತಿದ್ದ.

ಆಮೇಲಿನ ದಿನಗಳು ಚೆನ್ನಾಗಿ ಕಳೆದವು. ತನುಶ್ರೀ ಬಟ್ಟೆ ಒಗೆಯುವ ಕೋಣೆಯಲ್ಲಿ ಎತ್ತರಕ್ಕೆ ಒಂದು ಕೋಲು ಕಟ್ಟಿಸಿ, "ಇದು ನಿಮ್ಮದೊಬ್ಬರದೇ ಅತ್ತೆ, ನಾವ್ಯಾರೂ ಈ ಕಡೆ ಕೈ ಚಾಚಲ್ಲ," ಎಂದಳು. ಕೆಮ್ಮು ಇಳಿಯಿತು. ರಾಯರು ಲೈಬ್ರರಿ ಬಿಟ್ಟರು. ಜಾಳಿಗೆ ತೊಳೆಯುವುದು ಅವರ ಪಾಲಿಗೆ ಬಂತು. ಮನೆಗೆ ಬಂದವರಿಗೆಲ್ಲ ಡಿಫ್ರಾಸ್ಟ್ ಎಂದರೇನೆಂದು ತಾವೇ ಕಂಡುಹಿಡಿದವರಂತೆ ವಿವರಿಸುತ್ತಿದ್ದರು. ತಣ್ಣನೆಯ ಬೆಳಗಿನಲ್ಲಿ ದೀಪ ಮಿಣುಕಿದ ಕೂಡಲೇ ಮೊಮ್ಮಗಳನ್ನು ಕರೆದುಕೊಂಡು ಹಿಂದಕ್ಕೆ ಓಡುತ್ತಿದ್ದರು.

"ಅಜ್ಜ, ಲುಕ್, ಇಟ್ಸ್ ಸ್ಟೀಮಿಂಗ್," ಎನ್ನುತ್ತಿದ್ದಳು ಕೃತಿ.

"ಹೌದು ಕೂಸ, ಈಗ ನೋಡು, ಬರೊಬ್ಬರಿ ಚಾಲೂ ಆಗ್ತದ."

ಹೀಟ್ ಪಂಪು ಬೆಳಗಿನಿಂದ ಸಂಜೆಯವರೆಗೆ ನಡೆಯಿತು. ಇಷ್ಟು ದಿನ ತಣ್ಣಗೆ ಕೂತವರು ಈಗ ಬೆಚ್ಚಗೆ ಕೂತರು. ಇಪ್ಪತ್ತು ಇಪ್ಪತ್ತೆರಡಾಯಿತು, ಇಪ್ಪತ್ತಮೂರಾಯಿತು. ಪ್ರಮೋದ ನೋಡಿಯೂ ಮಾತಾಡಲಿಲ್ಲ.

ಆ ತಿಂಗಳ ದೊಡ್ಡ ಬಿಲ್ಲು ಬಂದ ವಾರವೇ ಅವನ ಕಂಪನಿ ಎಲ್ಲರ ಕೆಲಸವನ್ನೂ ವಾರಕ್ಕೆ ಮೂರು ದಿನಕ್ಕೆ ಇಳಿಸಿತು. ಗಂಡ ಹೆಂಡತಿ ಈ ಮಾತನ್ನು ಕಾರಿನಲ್ಲಿ ಕೂತು ಆಡಿದರು. ಮನೆಯೊಳಗೆ ಎಲ್ಲಿ ಆಡುವುದು? ಸಾಮಾನು ತಂದವರು ಗರಾಜಿನ ಮುಂದೆ ಎಂಜಿನ್ ಆರಿಸಿ ಹಾಗೆಯೇ ಕೂತಿದ್ದರು.

"ಅಪ್ಪ ಅಮ್ಮನಿಗೆ ಹೇಳಿ," ಎಂದಳು ತನುಶ್ರೀ.

"ಕೆಲಸದ್ದು ಈಗ ಬ್ಯಾಡ. ಅಪ್ಪ ನಿದ್ದಿ ಬಿಡ್ತಾರ. ಮನಿ ಮಾರಿ ತಪ್ಪು ಮಾಡಿದ್ವಿ ಅಂತ ಶುರು ಮಾಡ್ತಾರ. ನಾ ದಿನಾ ಟಿಫಿನ್ ಕಟ್ಕೊಂಡು ಹೊರಗ ಬೀಳ್ತೀನಿ, ಎಲ್ಲ್ಯರೆ ಕೂತು ಬ್ಯಾರೆ ಕೆಲಸ ಹುಡುಕ್ತೀನಿ."

"ಸರಿ, ಹೀಟ್ ಪಂಪ್ ವಿಷಯನಾದ್ರೂ ಹೇಳಿ. ಬಿಸಿಲು ಇರೋ ಮಧ್ಯಾಹ್ನ ಸ್ವಲ್ಪ ಹೊತ್ತು ಆರಿಸಿ ಅಂತ. ಅದರಲ್ಲೇನಿದೆ ತಪ್ಪು?"

"ಹೆಂಗ ಹೇಳ್ಲಿ ತನು? ನಾನು ಆರಿಸೋ ಮಗ ಅಲ್ಲ ಅಂತ ಅಷ್ಟು ದೊಡ್ಡ ಬಾಯಿ ಮಾಡೀನಿ. ಅಪ್ಪ ನನ್ನ ಮುಂದ ತಪ್ಪಾತು ಅಂದ್ರು. ಈಗ ಹೋಗಿ ಆರಸ್ರಿ ಅನ್ಲಿ?"

"ನಾನು ಹೇಳ್ತೀನಿ."

"ನೀ ಹೇಳಿದ್ರ ಸೊಸಿ ಹೇಳಿದ್ಲು ಅಂತ ಆಗ್ತದ. ಅದು ಇನ್ನೂ ಕೆಟ್ಟದ್ದು."

ಕಾರಿನ ಗಾಜಿನ ಮೇಲೆ ಇಬ್ಬರ ಉಸಿರು ಮಂಜಾಗಿ ಕಟ್ಟಿತ್ತು. ನಡುಮನೆಯ ಕಿಟಕಿಯಿಂದ ಕಾತ್ಯಾಯಿನಿಬಾಯಿ ಇಣುಕಿ, ಇವರು ಯಾಕಿನ್ನೂ ಒಳಗೆ ಬರಲಿಲ್ಲವೆಂದು ನೋಡಿ ಪರದೆ ಬಿಟ್ಟರು. ತನುಶ್ರೀ ಅಕ್ಕಿ ಚೀಲ ಎತ್ತಿಕೊಂಡು ಇಳಿದಳು.

ಮುಂದಿನ ವಾರದ ಒಂದು ಮಧ್ಯಾಹ್ನ. ಉತ್ತರದ ಒಣಗಾಳಿ ಬೀಸಿ ಆಕಾಶ ತಿಳಿಯಾಗಿತ್ತು. ಎದುರಿನ ಗುಡ್ಡದ ಮನೆಗಳ ಮೇಲೆಲ್ಲ ಬಿಸಿಲಿತ್ತು, ಇವರ ಇಳಿಜಾರಿಗೆ ಮಾತ್ರ ಇರಲಿಲ್ಲ. ರಾಯರು ಪತ್ರಿಕೆ ಓದುತ್ತಿದ್ದರು, ಕಾತ್ಯಾಯಿನಿಬಾಯಿ ಹೆಸರುಬೇಳೆ ಆರಿಸುತ್ತಿದ್ದರು.

ಬೀಪ್ ಎಂದಿತು.

ಹಸಿರು ದೀಪ ಆರಿತು. ಪೆಟ್ಟಿಗೆಯ ರೆಕ್ಕೆ ನಿಧಾನವಾಗಿ ಮೇಲೆ ಬಂದು ಬಾಯಿ ಮುಚ್ಚಿಕೊಂಡಿತು.

ಇಬ್ಬರೂ ಅದನ್ನೇ ನೋಡಿದರು. ರಿಮೋಟು ಟೀಪಾಯಿಯ ಮೇಲೆ, ಇಬ್ಬರ ಕೈಗೂ ದೂರದಲ್ಲಿತ್ತು. ಕೃತಿ ಶಾಲೆಯಲ್ಲಿದ್ದಳು, ತನುಶ್ರೀ ಡ್ಯೂಟಿಯಲ್ಲಿದ್ದಳು. ಆ ಮೆಷಿನ್ನನ್ನು ನಡೆಸುವ ಆ್ಯಪ್ ಇದ್ದದ್ದು ಒಂದೇ ಒಂದು ಫೋನಿನಲ್ಲಿ.

ರಾಯರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹಿಂದಕ್ಕೆ ಹೋದರು. ಹಬೆ ಇರಲಿಲ್ಲ. ಕೆಳಗಿನ ಕಾಂಕ್ರೀಟು ಒಣಗಿತ್ತು. ತಗಡಿನ ಪಟ್ಟಿಗಳ ಮೇಲೆ ಬೆರಳಾಡಿಸಿ ನೋಡಿದರು. ಹಿಮದ ಒಂದು ಹರಳೂ ಇರಲಿಲ್ಲ. ಗೋಡೆಗೆ ಕೈ ಊರಿ ಅಲ್ಲಿಯೇ ಸ್ವಲ್ಪ ಹೊತ್ತು ನಿಂತರು. ಅವರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಹಗುರಾಗುತ್ತಿತ್ತು, ಬಂದದ್ದು ದುಃಖ. ಸುಳ್ಳು ಅಪವಾದವಿದ್ದಾಗ ಕೂಗಾಡಬಹುದಿತ್ತು, ಈಗ ಅದಕ್ಕೂ ದಾರಿಯಿರಲಿಲ್ಲ. ಎಲ್ಲರ ಎದುರು ಮಾನ ಕಳೆದುಕೊಂಡ ಮಗನನ್ನು ಇನ್ನೊಮ್ಮೆ ಅದೇ ಕಟಕಟೆಯಲ್ಲಿ ನಿಲ್ಲಿಸುವುದು ಹೇಗೆ? ನಿಲ್ಲಿಸಿ ಏನು ಕೇಳುವುದು?

ಒಳಗೆ ಬಂದಾಗ ಕಾತ್ಯಾಯಿನಿಬಾಯಿ ರಿಮೋಟನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

"ಒತ್ತಲೇನ್ರಿ? ಹತ್ತತದಲ್ಲ?"

"ಹತ್ತತದ. ಒತ್ತಿದ್ರ ಅವನ ಫೋನಿನಾಗ ಗೊತ್ತಾಗ್ತದ."

ಅವರು ರಿಮೋಟನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟರು. "ಹೊರಗ ಹೋಗಿ ನೋಡಿದ್ರೇನು?"

"ನೋಡಿದೆ."

"ಏನಿತ್ತು?"

ರಾಯರು ಕೂತು ಪತ್ರಿಕೆ ಬಿಡಿಸಿದರು. "ಡಿಫ್ರಾಸ್ಟ್."

"ನಾನೂ ಅದನ್ನ ಅಂದ್ಕೊಂಡೆ," ಎಂದರು ಕಾತ್ಯಾಯಿನಿಬಾಯಿ. ಒಳಗಿನಿಂದ ಎರಡು ರಗ್ಗು ತಂದು, ಒಂದನ್ನು ಗಂಡನ ಕಾಲ ಮೇಲೆ ಹೊದಿಸಿ, ಇನ್ನೊಂದನ್ನು ತಾವು ಹೊದ್ದು ಬೇಳೆಯ ತಟ್ಟೆ ಎಳೆದುಕೊಂಡರು.

ಸಂಜೆ ಎಲ್ಲರೂ ಊಟಕ್ಕೆ ಕೂತರು. ಹೀಟ್ ಪಂಪು ಪ್ರಮೋದ ಬರುವ ಸ್ವಲ್ಪ ಮೊದಲೇ ತಾನೇ ಹತ್ತಿಕೊಂಡು ಬೆಚ್ಚಗೆ ಊದುತ್ತಿತ್ತು. ಅನ್ನ, ಹೆಸರುಬೇಳೆ ತೊವ್ವೆ, ಮೇಲೆ ಕಡಲೆಬೇಳೆ ಚಟ್ನಿ. ಕೃತಿಯೇ ಮಾತು ಶುರು ಮಾಡಿದಳು.

"ಡ್ಯಾಡಿ, ಇಟ್ ವಾಸ್ ಫ್ರೀಝಿಂಗ್ ಹಿಯರ್ ಆಫ್ಟರ್ ಸ್ಕೂಲ್. ದ ಹೀಟ್ ಪಂಪ್ ವಾಸ್ ಆಫ್."

ಪ್ರಮೋದನ ಕೈ ಅನ್ನದಲ್ಲಿ ನಿಂತಿತು. ತನುಶ್ರೀ ಗಂಡನ ಮುಖ ನೋಡಿದಳು. ನೋಡುತ್ತಿದ್ದಂತೆ ಅವಳಿಗೆ ತಿಳಿದುಹೋಯಿತು.

"ಆಫ್ ಅಲ್ಲ ಕೂಸ," ಎಂದರು ರಾಯರು. "ಡಿಫ್ರಾಸ್ಟ್ ಆಗಿತ್ತು."

"ಬಟ್ ಅಜ್ಜ, ದ ಲೈಟ್—"

"ಡಿಫ್ರಾಸ್ಟ್ ಆಗಿತ್ತು. ನಾ ಹೊರಗ ಹೋಗಿ ನೋಡಿ ಬಂದೀನಿ. ನೀ ಉಣ್ಣು."

ಪ್ರಮೋದ ಒಂದು ತುತ್ತು ಕಲಸಿದ, ಬಾಯಿಗಿಡಲಿಲ್ಲ.

"ಹೌದು," ಎಂದ. "ಒಮ್ಮೊಮ್ಮೆ ಆಗ್ತದ."

"ಇವತ್ತ ಬಿಸಿಲಿತ್ತು. ಆದ್ರೂ ಆತು."

"ಆಗ್ತದ್ರಿ ಅಪ್ಪ."

ರಾಯರು ತೊವ್ವೆ ಬಡಿಸಿಕೊಂಡರು. ಅವರ ಧ್ವನಿಯಲ್ಲಿ ಮುನಿಸಿರಲಿಲ್ಲ. ಇಲಾಖೆಯಲ್ಲಿದ್ದಾಗ ಬೇರೆ ಸೆಕ್ಷನ್ನಿನವರಿಗೆ ಫೋನ್ ಮಾಡಿ ಕರೆಂಟು ಯಾವಾಗ ಹೋಗುತ್ತದೆಂದು ವಿಚಾರಿಸುತ್ತಿದ್ದ ಸಮಾಧಾನದ ಧ್ವನಿಯದು.

"ನಾಳೆನೂ ಆಗಬಹುದೇನು?"

ಪ್ರಮೋದ ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಆಗಬಹುದ್ರಿ."

"ಮಧ್ಯಾಹ್ನದ ಹೊತ್ತು?"

"ಹೂಂ. ಮಧ್ಯಾಹ್ನದ ಹೊತ್ತು."

"ಆತು. ಗೊತ್ತಿದ್ರ ಚಿಂತಿ ಇಲ್ಲ," ಎಂದರು ರಾಯರು.

ಕಾತ್ಯಾಯಿನಿಬಾಯಿ ಎದ್ದು ಬಂದು ಮಗನ ಅನ್ನದ ಮೇಲೆ ಒಂದು ಚಮಚ ತುಪ್ಪ ಹಾಕಿದರು, ಇನ್ನೊಂದು ಹಾಕಿದರು. ಅವನು ಸಾಕು ಎನ್ನಲಿಲ್ಲ.